ಕ್ವಾರ್ಟರ್ಸಿನ ಹಳೆ ಪೈಪು

ಗುಬ್ಬಿಗೆ ನಾಲ್ಕು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಬೆಳಗಾದರೆ ಸಾಕು, ಗೋಡೆಯಾಚೆಯಿಂದ ಕಥೆ ಶುರು ಮಾಡುತ್ತಿದ್ದಳು. ಗುಬ್ಬಿ ಬೇಕಾದ್ದಕ್ಕೆಲ್ಲ ಬೆರಳು ತೋರಿಸುತ್ತಿದ್ದಳು. ನೀರು ಬೇಕೆಂದರೆ ನಲ್ಲಿಯ ಕಡೆಗೆ ಬೆರಳು. ಹೊಟ್ಟೆ ನೋವೆಂದರೆ ಹೊಟ್ಟೆಯ ಮೇಲೆ ಬೆರಳು. ಇತ್ತೀಚೆಗೆ ಎರಡನೆಯದೇ ಹೆಚ್ಚಾಗಿತ್ತು.

ಬೀದಿಯಲ್ಲಿ ಇದಕ್ಕೆ ತಲೆಗೊಂದು ಕಾರಣವಿತ್ತು. ಹಟಮಾರಿ ಅಂದರು. ಜಂತುಹುಳು ಅಂದರು. ತಾಯಿ ಇಡೀ ದಿನ ಹೊಲಿಗೆ ಮಷೀನಿನ ಮುಂದೆ ಬೆನ್ನು ಬಗ್ಗಿಸಿ ಕೂತರೆ ಮಗು ಯಾರಿಂದ ಮಾತು ಕಲಿಯಬೇಕು ಅಂದರು. ನೀರಿನ ಕಡೆಗೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ. ಆ ಮನೆಯ ನೀರಿನ ಬಗ್ಗೆ ತುಟಿ ಬಿಚ್ಚುವ ಧೈರ್ಯ ಯಾರಿಗಿತ್ತು? ಅದು ಪೈಪು ಮೇಸ್ತ್ರಿಯ ಮನೆ.

ಮೇಸ್ತ್ರಿ ಗುಬ್ಬಿಯ ತಾತ. ನಗರದ ನೀರಿನ ಕಚೇರಿಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಈ ಬೀದಿಯ ನಲವತ್ತು ಮನೆಗಳಲ್ಲಿ ಮುಕ್ಕಾಲು ಪಾಲಿಗೆ ಸೀಸದ ಪೈಪು ಎಳೆದವನು ಅವನೇ. ಕಾದ ಸೀಸವನ್ನು ಜಾಯಿಂಟಿನ ಮೇಲೆ ಸುರಿದು, ಆರುವ ಮೊದಲೇ ದಪ್ಪ ಬಟ್ಟೆಯಲ್ಲಿ ಒರೆಸಿ ನುಣ್ಣಗೆ ಗುಂಡಗೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಈಗಲೂ ಯಾರ ಮನೆಯ ನಲ್ಲಿ ಕೆಟ್ಟರೂ ಅವನಿಗೇ ಕರೆ ಬರುತ್ತಿತ್ತು. ಅವನು ಬಂದು ಮೊದಲು ಈ ಕಾಲದ ಫಿಟ್ಟರ್‌ಗಳನ್ನು ಹತ್ತು ನಿಮಿಷ ಬೈಯಬೇಕು, ಆಮೇಲೆ ನಲ್ಲಿ ರಿಪೇರಿಯಾಗಬೇಕು.

ಆರೋಗ್ಯ ಕೇಂದ್ರದ ನರ್ಸು ಒಂದು ಮಧ್ಯಾಹ್ನ ಚೀಟಿ ಹಿಡಿದು ಬಂದಳು. ಹಿಂದಿನ ವಾರ ಗುಬ್ಬಿಯ ರಕ್ತ ತೆಗೆದಿದ್ದವಳು ಅವಳೇ.

"ಮಗುವಿನ ರಕ್ತದಲ್ಲಿ ಸೀಸ ಇದೆ ಮೇಸ್ತ್ರಿ. ಸ್ವಲ್ಪ ಅಲ್ಲ."

"ಪೆನ್ಸಿಲಿನ ಸೀಸದ ಕಡ್ಡಿ ಏನಾದ್ರೂ ನುಂಗಿದ್ಲಾ ನೋಡಿ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾಳೆ."

"ಸೀಸದ ಕಡ್ಡೀಲಿ ಸೀಸ ಇರೋದು ಹೆಸರಿಗಷ್ಟೆ. ನಿಮ್ಮ ಅಡುಗೆಮನೆ ಪೈಪು ಯಾವುದು?"

ಮೇಸ್ತ್ರಿಯ ಮುಖ ಬಿಗಿಯಿತು. "ನಾನೇ ಹಾಕಿದ್ದು. ಇಪ್ಪತ್ತೆಂಟು ವರ್ಷ ಆಯ್ತು, ಒಂದು ಹನಿ ಸೋರಿಲ್ಲ."

"ಸೋರುತ್ತಾ ಅಂತ ಕೇಳಲಿಲ್ಲ. ಯಾವುದು ಅಂತ ಕೇಳಿದೆ."

"ಸೀಸ. ಏನೀಗ? ಈ ಬೀದಿ ಪೂರ್ತಿ ಸೀಸ. ನಾನು ಅದನ್ನೇ ಕುಡಿದು ಎಪ್ಪತ್ತು ದಾಟಿದೀನಿ. ನಿಮ್ಮ ಕಣ್ಣಿಗೆ ನಾನು ಸತ್ತಹಾಗೆ ಕಾಣ್ತೀನಾ?"

"ನೀವು ಬೆಳೆದು ಮುಗಿಸಿದೀರ. ಅವಳು ಬೆಳೀತಿದಾಳೆ. ದೊಡ್ಡವರ ಮೈ ಹೊರಗೆ ಹಾಕೋದನ್ನ ಮಗುವಿನ ಮೈ ಹಿಡಿದಿಟ್ಟುಕೊಳ್ಳುತ್ತೆ. ಮೊದಲು ಪೆಟ್ಟು ಬೀಳೋದು ಮಿದುಳಿಗೆ. ಮಾತು, ಕಲಿಕೆ, ಒಂದು ಕಡೆ ಕೂರೋ ತಾಳ್ಮೆ, ಎಲ್ಲದಕ್ಕೂ. ರಕ್ತಾನೂ ಕಡಿಮೆ ಆಗುತ್ತೆ, ಹೊಟ್ಟೇನೂ ನೋಯುತ್ತೆ. ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಮಕ್ಕಳ ವಿಷ್ಯದಲ್ಲಿ ಇಲ್ಲ."

ಮಷೀನಿನ ಸದ್ದು ನಿಂತಿತ್ತು. ಗುಬ್ಬಿಯ ತಾಯಿ, ಮೇಸ್ತ್ರಿಯ ಸೊಸೆ, ಅರ್ಧ ಹೊಲಿದ ಶಾಲೆಯ ಸಮವಸ್ತ್ರವನ್ನು ಹಿಡಿದುಕೊಂಡೇ ಎದ್ದು ಬಂದಳು.

"ನಾನು ಅವಳಿಗೆ ನಲ್ಲಿ ನೀರು ಹಾಗೇ ಕೊಡೋದೇ ಇಲ್ಲ ನರ್ಸಮ್ಮ. ಕುದಿಸ್ತೀನಿ. ಒಂದು ಪಾತ್ರೆ ಇಟ್ರೆ ಅರ್ಧ ಪಾತ್ರೆ ಆಗೋ ತನಕ ಇಳಿಸಲ್ಲ."

ನರ್ಸು ಚೀಟಿ ಮಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಕುದಿಸಿದ್ರೆ ಕ್ರಿಮಿ ಸಾಯುತ್ತೆ. ಸೀಸ ಸಾಯೋಕೆ ಅದಕ್ಕೇನು ಜೀವ ಇದೆಯಾ? ನೀರು ಆವಿಯಾಗಿ ಹೋಗುತ್ತೆ, ಸೀಸ ಪಾತ್ರೇಲೇ ಕೂರುತ್ತೆ. ಅರ್ಧ ಆಗೋ ತನಕ ಕುದಿಸಿದ್ರೆ, ಒಂದು ಲೋಟದಲ್ಲಿ ಎರಡು ಲೋಟದ ಸೀಸ."

ಆಗಲೂ ಒಲೆಯ ಮೇಲೆ ಒಂದು ಪಾತ್ರೆ ಕುದಿಯುತ್ತಿತ್ತು. ಸೊಸೆ ಒಳಗೆ ಹೋಗಿ ಒಲೆ ಆರಿಸಿದಳು, ಪಾತ್ರೆಯನ್ನು ಬಚ್ಚಲಿಗೆ ಸುರಿದಳು, ಮತ್ತೆ ಬಂದು ಬಾಗಿಲಿಗೆ ಒರಗಿ ನಿಂತಳು. ಅಳಲಿಲ್ಲ.

"ನಿಮ್ಮ ಕೇಂದ್ರದ ಗೋಡೆ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದೀರ, ನೀರು ಕುದಿಸಿ ಕುಡಿಯಿರಿ ಅಂತ. ಅದನ್ನ ನೋಡೇ ನಾನು ಕುದಿಸಿದ್ದು. ಸೀಸದ ಮಾತು ಅಲ್ಲಿ ಯಾಕಿಲ್ಲ?"

"ಇರಬೇಕಿತ್ತು," ಅಂದಳು ನರ್ಸು. "ಇಲ್ಲ."

ಆ ಒಪ್ಪಿಗೆ ಮೇಸ್ತ್ರಿಗೆ ಗೆಲುವಿನಂತೆ ಕಂಡಿತು. ಅವನು ಬೀರುವಿನಿಂದ ಒಂದು ಕಡತ ತಂದು ಮೊಣಕಾಲ ಮೇಲೆ ಬಿಚ್ಚಿದ. ನೀರಿನ ಕಚೇರಿಯ ವಾರ್ಷಿಕ ಪರೀಕ್ಷೆಯ ಕಾಗದಗಳು, ಒಂದೂ ತಪ್ಪದೆ. ಪ್ರತಿಯೊಂದರ ಕೆಳಗೂ ನೇರಳೆ ಶಾಯಿಯ ಠಸ್ಸೆ: ಕುಡಿಯಲು ಯೋಗ್ಯ.

"ಇಷ್ಟು ಜನ ಇಂಜಿನಿಯರ್‌ಗಳು ಓದಿದ್ದು ಸುಳ್ಳು, ನೀವು ಓದಿದ್ದು ನಿಜ, ಅಲ್ವಾ?"

"ಇನ್ನೊಂದ್ಸಲ ಪರೀಕ್ಷೆ ಆಗಲಿ. ಅವರೂ ಮಾಡಲಿ, ನಾವೂ ಮಾಡೋಣ." ನರ್ಸು ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದಳು. "ರಾತ್ರಿ ಮಲಗಿದ ಮೇಲೆ ಆರು ಗಂಟೆ ಹೊತ್ತು ಮನೇಲಿ ಯಾವ ನಲ್ಲೀನೂ ತೆರೀಬೇಡಿ. ಬೆಳಿಗ್ಗೆ ಎದ್ದ ತಕ್ಷಣ ಬರೋ ಮೊದಲ ನೀರು ಇದರಲ್ಲಿ ಹಿಡೀರಿ. ಒಂದು ಹನಿಯೂ ಹೊರಗೆ ಬಿಡದೆ. ಪೈಪಲ್ಲಿ ನಿಂತಷ್ಟೂ ನೀರಿಗೆ ಸೀಸ ಇಳಿಯುತ್ತೆ."

"ಹಿಡೀತೀನಿ. ನಿಮ್ಮ ಮುಖ ಸಣ್ಣಗಾಗೋದು ನೋಡೋಕಾದ್ರೂ ಹಿಡೀತೀನಿ."

ನರ್ಸು ಹೊರಡುವಾಗ ಸೊಸೆಗೆ ಹೇಳಿದಳು: ಅಲ್ಲಿಯವರೆಗೆ ನೀರನ್ನು ಐದು ನಿಮಿಷ ಹರಿಯಬಿಟ್ಟು ಆಮೇಲೆ ಕುಡಿಯಲು ಹಿಡಿ, ಹರಿದದ್ದನ್ನು ನೆಲ ಒರೆಸಲು ಇಟ್ಟುಕೋ, ಗೀಸರಿನ ನೀರು ಅಡುಗೆಗೆ ಬೇಡವೇ ಬೇಡ, ಬಿಸಿ ನೀರು ಸೀಸವನ್ನು ಇನ್ನೂ ಬೇಗ ಕರಗಿಸುತ್ತದೆ. ಸೊಸೆ ಎಲ್ಲವನ್ನೂ ಸಮವಸ್ತ್ರದ ಅಳತೆ ಬರೆಯುವ ಪುಸ್ತಕದಲ್ಲಿ ಬರೆದುಕೊಂಡಳು.

ಮೊದಲ ನೀರಿನ ಬಾಟಲಿ ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಯಿತು. ಮೂರು ದಿನ ಬಿಟ್ಟು, ಹನ್ನೊಂದು ಗಂಟೆಗೆ, ಮೇಸ್ತ್ರಿ ಹೇಳಿಕಳಿಸಿದಂತೆ, ನೀರಿನ ಕಚೇರಿಯಿಂದ ಪರೀಕ್ಷೆಗೆ ನೀರು ಹಿಡಿಯುವ ಬಾಟಲಿಯವನು ಬಂದ. ಒಂದು ಕಾಲದಲ್ಲಿ ಮೇಸ್ತ್ರಿಯ ಕೈಕೆಳಗೆ ಪೈಪು ಹೊತ್ತವನು, ಆಮೇಲೆ ಪರೀಕ್ಷೆಯ ವಿಭಾಗಕ್ಕೆ ಸೇರಿಕೊಂಡವನು. ಬಂದವನೇ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಾಗಿಲ ಬಳಿ ನಿಂತು ತನ್ನ ಮೊಣಕಾಲು ನೋವಿನ ಕಥೆ ತೆಗೆದ. ನೀರು ದಬದಬ ಬಚ್ಚಲಿಗೆ ಹೋಗುತ್ತಿತ್ತು.

ಮೇಸ್ತ್ರಿಯ ಕೆಲಸ ಪೈಪಿನದು. ಪರೀಕ್ಷೆಗೆ ನೀರು ಹೇಗೆ ಹಿಡಿಯುತ್ತಾರೆಂದು ಮೂವತ್ತೈದು ವರ್ಷದಲ್ಲಿ ಅವನು ನಿಂತು ನೋಡಿರಲಿಲ್ಲ. ಈಗ ನೋಡಿದ.

"ಯಾಕೋ ಸುಮ್ನೆ ಬಿಟ್ಟಿದೀಯ? ಹಿಡಿಯೋ."

"ಐದು ನಿಮಿಷ ಹರೀಬೇಕು ಗುರುಗಳೇ. ಮೇಲಿಂದ ಹಾಗೇ ಹೇಳಿದಾರೆ."

"ಐದು ನಿಮಿಷಕ್ಕೆ ನನ್ನ ಪೈಪಲ್ಲಿ ನಿಂತಿದ್ದೆಲ್ಲ ಖಾಲಿ ಆಗಿ, ಬೀದಿ ದೊಡ್ಡ ಪೈಪಿನ ನೀರು ಬರುತ್ತೆ. ನೀನು ಹಿಡಿಯೋದು ಅದನ್ನ. ನನ್ನ ಮನೆ ನೀರನ್ನಲ್ಲ."

"ಹೌದು."

"ಮತ್ತೆ?"

"ಮೊದಲ ನೀರು ಹಿಡಿದ್ರೆ ರಿಪೋರ್ಟು ಕೆಡುತ್ತೆ ಗುರುಗಳೇ."

ಅವನು ಇದನ್ನು ಕಳ್ಳನಂತೆ ಹೇಳಲಿಲ್ಲ. ಹಾಲನ್ನು ಹೊರಗಿಟ್ಟರೆ ಕೆಡುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿ, ಬಾಟಲಿ ತುಂಬಿಸಿ, ಚೀಟಿ ಅಂಟಿಸಿ ಹೊರಟುಹೋದ. ಮೇಸ್ತ್ರಿ ನಲ್ಲಿ ಮುಚ್ಚುವುದನ್ನೂ ಮರೆತು ನಿಂತಿದ್ದ. ಈ ನಾಲ್ಕು ವರ್ಷ ಬೆಳಿಗ್ಗೆ ಏಳುತ್ತಲೇ ಕುದಿಸಲು ನೀರು ಹಿಡಿಯುತ್ತಿದ್ದ ಸೊಸೆ ಐದು ನಿಮಿಷ ಹರಿಯಬಿಟ್ಟಿದ್ದು ಯಾವಾಗ? ಕುದಿದು ಗುಬ್ಬಿಯ ಲೋಟಕ್ಕೆ ಬೀಳುತ್ತಿದ್ದುದು ಯಾವಾಗಲೂ ಮೊದಲ ನೀರೇ.

ವಾರದ ಕೊನೆಗೆ ಎರಡು ಕಾಗದ ಬಂದವು. ಕಚೇರಿಯದರ ಕೆಳಗೆ ಅದೇ ನೇರಳೆ ಠಸ್ಸೆ. ನರ್ಸು ತಂದದ್ದರಲ್ಲಿ ಸೀಸ ಕುಡಿಯುವ ನೀರಿನ ಮಿತಿಯ ಆರು ಪಟ್ಟು ಇತ್ತು. ಒಂದೇ ಮನೆ, ಒಂದೇ ನಲ್ಲಿ. ನರ್ಸಿನ ಮುಖ ಸಣ್ಣಗಾಗುವುದನ್ನು ನೋಡಲು ಕಾದಿದ್ದವನು ಅವಳ ಮುಖದ ಕಡೆಗೇ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಅಂಗಳಕ್ಕೆ ಹೋದ.

ಮೀಟರಿನಿಂದ ಅಡುಗೆಮನೆಯ ಗೋಡೆಯವರೆಗೆ ಹತ್ತು ಹೆಜ್ಜೆ. ಎರಡಡಿ ಅಗೆದಾಗ ಪೈಪು ಕಂಡಿತು. ಮಣ್ಣು ಒರೆಸಿ ಬೀಗದ ಕೈಯಿಂದ ಗೀರಿದ. ಮಂಕು ಬೂದು ಬಣ್ಣದ ಕೆಳಗೆ ಬೆಳ್ಳಿಯಂಥ ಹೊಳಪು. ಸೊಸೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು.

"ಇದೇನು ಮಾವ, ಅಕ್ಷರ?"

ಪೈಪಿನ ಮೇಲೆ ಉಳಿಯಲ್ಲಿ ಹೊಡೆದ ಒಂದು ಮುದ್ರೆಯಿತ್ತು. ನೀರಿನ ಕಚೇರಿಯ ಚಿಹ್ನೆ, ಅದರ ಕೆಳಗೆ ಪೈಪು ಹಾಕಿದ ಜಾಗದ ಒಂದು ಅಕ್ಷರ, ಮನೆಯ ಒಂದು ಅಂಕಿ. ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಕೆಲಸಗಾರರು ಮಾರಿಕೊಳ್ಳದಿರಲೆಂದು ಕಚೇರಿ ತನ್ನ ಪೈಪಿಗೆ ಮೂರಡಿಗೊಂದು ಮುದ್ರೆ ಹೊಡೆಸುತ್ತಿತ್ತು. ಹೊಡೆಯುತ್ತಿದ್ದವನು ಮೇಸ್ತ್ರಿಯೇ.

ಅವನು ಮಣ್ಣಿನ ಗುಡ್ಡೆಯ ಮೇಲೆ ಕೂತ.

"ಇದು ಸಾಹೇಬರ ಕ್ವಾರ್ಟರ್ಸಿನ ಪೈಪು ತಾಯಿ. ನಾಲ್ಕನೇ ಮನೆಯದು."

"ನಮ್ಮ ಮನೆಗೆ ಹೇಗೆ ಬಂತು?"

"ನಾನೇ ಹೆಗಲ ಮೇಲೆ ಹೊತ್ಕೊಂಡು ಬಂದೆ."

ಇಪ್ಪತ್ತೆಂಟು ವರ್ಷದ ಹಿಂದೆ ಕಚೇರಿಯ ಅಧಿಕಾರಿಗಳ ಹನ್ನೆರಡು ಮನೆಗಳಲ್ಲಿ ಸೀಸದ ಪೈಪು ಕಿತ್ತು ತಾಮ್ರದ ಪೈಪು ಹಾಕಿಸಿದ್ದರು. ಇನ್ನೂ ಐವತ್ತು ವರ್ಷ ಬಾಳುವ ಪೈಪು, ಯಾಕೆ ಸಾರ್ ಕೀಳೋದು ಎಂದು ಮೇಸ್ತ್ರಿ ಕೇಳಿದ್ದ. ಹೊಸದಾದರೆ ನೋಡಲು ಚೆನ್ನಾಗಿರುತ್ತದೆ ಎಂದಿದ್ದರು ದೊಡ್ಡ ಸಾಹೇಬರು. ನೆಲದಡಿಯ ಪೈಪನ್ನು ಯಾರು ನೋಡುತ್ತಾರೆ ಎಂದು ಕೇಳಲು ಅವನಿಗೆ ತೋಚಲಿಲ್ಲ. "ಹಳೇದು ಬೇಕಾದ್ರೆ ನೀನೇ ತಗೊಂಡು ಹೋಗು. ಮನೆ ಕಟ್ತಿದೀಯಂತಲ್ಲ," ಎಂದು ಸಾಹೇಬರು ನಕ್ಕಿದ್ದರು. ಸಾಹೇಬರ ಮನೆಯ ಪೈಪು ತನ್ನ ಮನೆಗೆ! ಆ ವಾರವಿಡೀ ಅವನು ಬೀದಿಯಲ್ಲಿ ಎದೆ ಉಬ್ಬಿಸಿ ನಡೆದಿದ್ದ.

"ಅವರಿಗೆ ಆಗಲೇ ಗೊತ್ತಿತ್ತು," ಅಂದಳು ಸೊಸೆ.

"ಗೊತ್ತಿತ್ತು. ಅದಾದ ಮೇಲೂ ಆರು ವರ್ಷ ಬೀದಿಗಳಿಗೆ ನನ್ನ ಕೈಲೇ ಸೀಸ ಎಳೆಸಿದ್ರು."

ಆಮೇಲೆ ಅವನಿಗೆ ಮಗನ ನೆನಪಾಯಿತು. ಈ ಪೈಪು ಹೂಳುವಾಗ ಮಗನಿಗೆ ಆರು ವರ್ಷ. ಒಳ್ಳೆಯ ಹುಡುಗ, ಆದರೆ ಲೆಕ್ಕ ಹತ್ತಲಿಲ್ಲ, ಪುಸ್ತಕದ ಮುಂದೆ ಹತ್ತು ನಿಮಿಷ ಕೂರಲಿಲ್ಲ. ಅದಕ್ಕಾಗಿ ಮೇಸ್ತ್ರಿ ಅವನನ್ನು ಬೆಲ್ಟಿನಿಂದ ಹೊಡೆದಿದ್ದ. ಈಗ ಮಗ ಸಿಟಿ ಬಸ್ಸಿನ ಡ್ರೈವರು. ಅವತ್ತು ಸಂಜೆ ಶಿಫ್ಟು ಮುಗಿಸಿ ಬಂದವನು ಗುಂಡಿಯನ್ನೂ ಅಪ್ಪನನ್ನೂ ನೋಡಿ, ಎಲ್ಲ ಕೇಳಿಸಿಕೊಂಡು, ಗುದ್ದಲಿ ಇಸಿದುಕೊಂಡು ಉಳಿದ ಹೆಜ್ಜೆಗಳಷ್ಟನ್ನೂ ಅಗೆದು ಪೈಪು ಕಿತ್ತ. ಅವನು ಬೈದಿದ್ದರೆ ಮೇಸ್ತ್ರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನ ಮೇಸ್ತ್ರಿ, ಸೊಸೆ ಇಬ್ಬರೂ ನೀರಿನ ಕಚೇರಿಗೆ ಹೋದರು. ಸೊಸೆಯ ಕೈಯಲ್ಲಿ ಎರಡು ಕಾಗದ. ಮೇಸ್ತ್ರಿಯ ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ, ಮುದ್ರೆಯಿದ್ದ ಮೊಳದುದ್ದದ ಪೈಪಿನ ತುಂಡು. ಕೌಂಟರಿನಲ್ಲಿದ್ದ ಇಂಜಿನಿಯರು ಚಿಕ್ಕ ಪ್ರಾಯದವನು, ಮಾತಿನಲ್ಲಿ ಬೆಣ್ಣೆ.

"ಮೀಟರಿನ ತನಕ ನಾವು ಬದಲಾಯಿಸಿಕೊಡ್ತೀವಿ. ಗೇಟಿನ ಒಳಗಿನದು ನಿಮ್ಮದು, ಅದನ್ನ ನೀವು ನೋಡ್ಕೋಬೇಕು."

"ಅರ್ಧ ಸೀಸ ಕತ್ತರಿಸಿ ಅರ್ಧ ಹೊಸದು ಜೋಡಿಸಿದ್ರೆ ಏನಾಗುತ್ತೆ ಗೊತ್ತಾ ನಿಮಗೆ?" ಅಂದ ಮೇಸ್ತ್ರಿ. "ಗರಗಸ ಆಡುವಾಗ ಒಳಗಿನ ಪದರ ಅಲುಗಾಡಿ ಕಿತ್ತು ಬರುತ್ತೆ. ತಿಂಗಳುಗಟ್ಟಲೆ ಮೊದಲಿಗಿಂತ ಜಾಸ್ತಿ ಸೀಸ ನಲ್ಲೀಲಿ ಬರುತ್ತೆ. ಅರ್ಧ ಕೆಲಸ ಮಾಡೋ ಬದಲು ಬರದೇ ಇರೋದೇ ವಾಸಿ."

"ನಿಯಮ ಹಾಗಿದೆ ಯಜಮಾನ್ರೇ. ಒಳಗಿನ ಪೈಪು ಕಚೇರಿಯದಲ್ಲ."

ಮೇಸ್ತ್ರಿ ಗೋಣಿ ಬಿಚ್ಚಿ ಪೈಪನ್ನು ಮೇಜಿನ ಮೇಲಿಟ್ಟ. ಅದರ ಭಾರಕ್ಕೆ ಮೇಜು ಸದ್ದು ಮಾಡಿತು. "ಓದಿ. ಯಾರ ಮುದ್ರೆ?"

ಇಂಜಿನಿಯರು ಬಗ್ಗಿ ಓದಿದ. ಮುಖದ ಬೆಣ್ಣೆ ಕರಗಿತು. "ಇದು ಕಚೇರಿ ಮಾಲು. ನಿಮ್ಮ ಮನೇಲಿ ಹೇಗಿತ್ತು? ಇದು ಕಳ್ಳತನ ಆಗುತ್ತೆ."

"ಆಗಲಿ. ಕೇಸು ಹಾಕಿ. ಎಲ್ಲಿಂದ ಕಿತ್ತೆ ಅಂತ ಕೋರ್ಟಲ್ಲಿ ಕೇಳ್ತಾರೆ, ಸಾಹೇಬರ ಕ್ವಾರ್ಟರ್ಸಿಂದ ಅಂತೀನಿ. ಯಾಕೆ ಕಿತ್ತೆ ಅಂತ ಕೇಳ್ತಾರೆ, ಅದನ್ನ ನಿಮ್ಮ ಕಡತ ನೋಡಿ ನೀವೇ ಹೇಳಿ. ಹನ್ನೆರಡು ಮನೆಗೆ ಬೇಡವಾದ ಪೈಪು ಊರಿಗೆ ಹೇಗೆ ಒಳ್ಳೇದಾಯ್ತು ಅಂತ ಜಡ್ಜು ನನ್ನನ್ನ ಕೇಳಲ್ಲ, ನಿಮ್ಮನ್ನ ಕೇಳ್ತಾರೆ."

ಹಿಂದೆ ಸಾಲಿನಲ್ಲಿ ಬಿಲ್ಲು ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಮುಂದೆ ಬಗ್ಗಿದರು. ಸೊಸೆ ಅವರ ಕಡೆ ತಿರುಗಿದಳು. ಹತ್ತು ಜನರೆದುರು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಎರಡೂ ಕಾಗದಗಳನ್ನು ಎತ್ತಿ ಹಿಡಿದಳು.

"ನಿಮ್ಮ ಮನೆಗೆ ಯಾವ ಪೈಪಿದೆ ಅಂತ ಯಾರಿಗಾದ್ರೂ ಗೊತ್ತಾ? ನನಗೂ ಗೊತ್ತಿರಲಿಲ್ಲ. ನನ್ನ ಮಗಳಿಗೆ ನಾಲ್ಕು ವರ್ಷ, ನೀರು ಬೇಕು ಅನ್ನೋಕೆ ಬರಲ್ಲ. ಇವರ ಕಾಗದದಲ್ಲಿ ನಮ್ಮ ನೀರು ಯೋಗ್ಯ. ನರ್ಸಮ್ಮ ಕೊಟ್ಟ ಬಾಟಲೀಲಿ ಮೊದಲ ನೀರು ಹಿಡಿದ್ರೆ ಆರು ಪಟ್ಟು ಸೀಸ. ಐದು ನಿಮಿಷ ಚರಂಡಿಗೆ ಬಿಟ್ಟು ಆಮೇಲೆ ಹಿಡೀತಾರೆ. ಚರಂಡಿಗೆ ಹೋಗಿದ್ದನ್ನೇ ನಮ್ಮ ಮಕ್ಕಳು ಕುಡೀತಿರೋದು."

ಬಗ್ಗಿದವರು ಪೈಪಿನ ಮುದ್ರೆ ಮುಟ್ಟಿ ನೋಡಿದರು. ಆಮೇಲೆ ಸಾಲಿನ ಕೊನೆಯಲ್ಲಿದ್ದ ಒಬ್ಬ ಬಸುರಿ ಹೆಂಗಸು ಕೇಳಿದಳು: "ಆ ಬಾಟಲಿ ಎಲ್ಲಿ ಕೊಡ್ತಾರೆ ಅಕ್ಕ?"

ಆ ದಿನದಿಂದ ಮೇಸ್ತ್ರಿ ಬೀಗದ ಕೈ, ಒಂದು ಅಯಸ್ಕಾಂತ ಜೇಬಿಗೆ ಹಾಕಿಕೊಂಡು ಬೀದಿ ಸುತ್ತಿದ. ತಾನು ಎಳೆದ ಒಂದೊಂದು ಪೈಪನ್ನೂ ತಾನೇ ಗೀರಿ ತೋರಿಸಿದ. "ಮೇಸ್ತ್ರಿ, ನೂರು ವರ್ಷ ಬಾಳುತ್ತೆ ಅಂದಿದ್ರಲ್ಲ," ಎಂದು ಯಾರೋ ಚುಚ್ಚಿದರೆ, "ಪೈಪು ಬಾಳುತ್ತೆ, ನೀವು ಬಾಳಬೇಕಲ್ಲ," ಎನ್ನುತ್ತಿದ್ದ. ನಲವತ್ತು ಮನೆಯಲ್ಲಿ ಮೂವತ್ತೊಂದು ಸೀಸ. ಮೇಸ್ತ್ರಿಯ ಮನೆಗೆ ನೀರು ಉಳಿದ ಒಂಬತ್ತರಲ್ಲಿ ಒಂದು ಮನೆಯಿಂದ ಬರತೊಡಗಿತು. ಮೂವತ್ತೊಂದು ಬಾಟಲಿ ಮೊದಲ ನೀರನ್ನು ನರ್ಸು ಪರೀಕ್ಷೆಗೆ ಕಳಿಸಿದಳು. ಸೊಸೆ ಎಲ್ಲರ ಸಹಿ ಹಾಕಿಸಿ ಅರ್ಜಿ ಬರೆದಳು. ಕಚೇರಿ ಮೊದಲು ಹಣವಿಲ್ಲವೆಂದಿತು, ಆಮೇಲೆ ಆಳಿಲ್ಲವೆಂದಿತು. ಪ್ರತಿ ಸೋಮವಾರ ಬೀದಿಯ ಹೆಂಗಸರು ಹೋಗಿ ಆ ಪೈಪಿನ ತುಂಡನ್ನು ಅದೇ ಮೇಜಿನ ಮೇಲಿಟ್ಟು ಕೂತರು. ಏಳನೆಯ ಸೋಮವಾರ ಆದೇಶ ಬಂತು: ಬೀದಿಯ ದೊಡ್ಡ ಪೈಪಿನಿಂದ ಅಡುಗೆಮನೆಯ ನಲ್ಲಿಯವರೆಗೆ ಪೂರ್ತಿ, ಕಚೇರಿಯ ಖರ್ಚಿನಲ್ಲಿ.

ಹೊಸ ಪೈಪು ಬಂದಿದೆ, ಗುಬ್ಬಿಯ ರಕ್ತದಲ್ಲಿ ಸೀಸ ಈಗ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಹೊಟ್ಟೆ ನೋವು ನಿಂತಿದೆ. ವಾರಕ್ಕೆರಡು ದಿನ ಮಾತು ಕಲಿಸುವವರ ಹತ್ತಿರ ಹೋಗುತ್ತಾಳೆ. ಹೋದದ್ದೆಲ್ಲ ವಾಪಸು ಬರುತ್ತದೆಯೇ ಎಂದು ಸೊಸೆ ಕೇಳಿದಾಗ ನರ್ಸು ಸುಳ್ಳು ಹೇಳಲಿಲ್ಲ. ಇನ್ನು ಹೋಗುವುದಿಲ್ಲ ಎಂದಷ್ಟೇ ಹೇಳಿದಳು. ಮೊನ್ನೆ ಬೆಳಿಗ್ಗೆ ಗುಬ್ಬಿ ಲೋಟ ಹಿಡಿದು ಬಂದು, ಬೆರಳು ತೋರಿಸದೆ, "ತಾತ, ನೀ" ಎಂದಳು. ನೀರು ಅನ್ನುವ ಪೂರ್ತಿ ಮಾತಲ್ಲ. ಮೇಸ್ತ್ರಿ ನಲ್ಲಿ ತಿರುಗಿಸಿದ. ಅವನು ಅವಳ ಮುಖವನ್ನೇ ನೋಡುತ್ತಿದ್ದುದರಿಂದ ಲೋಟ ತುಂಬಿ ಚೆಲ್ಲಿತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಮೀಟರಿನ ಹತ್ತಿರ ಹೋಗಿ. ಪೈಪನ್ನು ಬೀಗದ ಕೈಯಿಂದ ಗೀರಿ. ಸುಲಭವಾಗಿ ಗೀರು ಬಿದ್ದು ಬೆಳ್ಳಿಯ ಹಾಗೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಅದು ಸೀಸ. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ತಿಳಿಯಾಗಿದೆ ಎಂದು ಸುಮ್ಮನಿರಬೇಡಿ. ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಸೀಸ ತೆಗೆಯುತ್ತದೆಂದು ಪ್ರಮಾಣಪತ್ರವಿರುವ ಫಿಲ್ಟರ್ ಇದ್ದರೆ ಬಳಸಿ. ಇಲ್ಲದಿದ್ದರೆ, ಪೈಪು ಬದಲಾಗುವವರೆಗೆ, ನಿಂತ ನೀರನ್ನು ಹರಿಯಬಿಟ್ಟು ತಣ್ಣೀರನ್ನೇ ಕುಡಿಯಲು, ಅಡುಗೆಗೆ ಹಿಡಿಯಿರಿ. ಮನೆಯಲ್ಲಿ ಚಿಕ್ಕ ಮಗುವಿದ್ದರೆ, ಬಸುರಿಯಿದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಕೇಳಿ. ಪೈಪನ್ನು ಅರ್ಧ ಬದಲಾಯಿಸಲು ಬಂದವರಿಗೆ ಒಪ್ಪಬೇಡಿ. ಒಬ್ಬರೇ ಹೋಗಬೇಡಿ, ಬೀದಿಯನ್ನು ಕರೆದುಕೊಂಡು ಹೋಗಿ. ಅಧಿಕಾರಿಗಳ ಮನೆಯಲ್ಲಿ ಯಾವ ಪೈಪಿದೆ ಎಂದು ಅವರ ಮುಖ ನೋಡಿ ಕೇಳಿ.

ಮತ್ತು ಪರೀಕ್ಷೆಗೆಂದು ಬಂದವನು ನಿಮ್ಮ ನಲ್ಲಿ ತಿರುಗಿಸಿ ಮೊಣಕಾಲು ನೋವಿನ ಕಥೆ ಶುರು ಮಾಡಿದರೆ, ನಲ್ಲಿ ಮುಚ್ಚಿ. ನಾಳೆ ಬೆಳಿಗ್ಗೆ, ನಾವು ಮುಖ ತೊಳೆಯುವ ಮೊದಲು ಬನ್ನಿ ಎಂದು ಹೇಳಿ ಕಳಿಸಿ.